ಅತ್ತೆಯ ಎರಡನೇ ಗೆರೆ

"ಅಮ್ಮ, ಅಜ್ಜಿ ಒಂದು ಗೆರೆಯವರಾ, ಎರಡು ಗೆರೆಯವರಾ?"

ನನ್ನ ಮಗಳು ಸಮನ್ವಿತಾ ಈ ಪ್ರಶ್ನೆ ಕೇಳಿದ್ದು ಶನಿವಾರ ಮಧ್ಯಾಹ್ನ, ಅಜ್ಜಿಯ ಕೋಣೆಯ ಮುಚ್ಚಿದ ಬಾಗಿಲಿನ ಮುಂದೆ ನಿಂತು, ಮೈಸೂರಿನ ಅಗ್ರಹಾರದ ನಮ್ಮ ಬೀದಿಯ ಆ ತುದಿಯ ಹೂವಿನಂಗಡಿಗೂ ಕೇಳಿಸುವ ದನಿಯಲ್ಲಿ. ಯುಕೆಜಿ ಮಕ್ಕಳಿಗೆ ದನಿ ಇಳಿಸುವ ಗುಂಡಿಯನ್ನು ದೇವರು ಇಟ್ಟಿಲ್ಲ. ಅವಳ ಪ್ರಶ್ನೆಗಳನ್ನು ನಾನು ಡೈರಿಯಲ್ಲಿ ಬರೆದಿಡುತ್ತೇನೆ. (ಕಳೆದ ವಾರದ್ದು: 'ಚಂದ್ರನಿಗೂ ಹೋಮ್‌ವರ್ಕ್ ಇರುತ್ತಾ?') ಉತ್ತರದ ಜಾಗ ಸಾಮಾನ್ಯವಾಗಿ ಖಾಲಿಯೇ ಉಳಿಯುತ್ತದೆ. ಈ ಸಲ ನಾನು ಬಾಯಿ ತೆರೆಯುವ ಮೊದಲೇ ಕೋಣೆಯ ಒಳಗಿನಿಂದ ಉತ್ತರ ಬಂತು.

"ನಾನು ನೆಟ್ಟಗೇ ಇದೀನಿ ಕಣವ್ವ. ಗೆರೆ ಎಳೆದೋರು ಬೇರೆಯೋರು."

ಈ ಗೆರೆಯ ವಿಚಾರ ಅರ್ಥವಾಗಬೇಕಾದರೆ ನನ್ನ ಉದ್ಯೋಗದ ವಿಚಾರ ಹೇಳಬೇಕು. ನಾನು ಮನೆಯಲ್ಲೇ ಕುಳಿತು ಒಂದು ಕಂಪನಿಗೆ ಕೆಲಸ ಮಾಡುತ್ತೇನೆ. ಕೆಲಸವೆಂದರೆ ಗೆರೆ ನೋಡುವುದು. ಮೂಗಿನೊಳಗೆ ಹತ್ತಿಕಡ್ಡಿ ಆಡಿಸಿ, ಅದನ್ನು ಔಷಧದ ನೀರಿನಲ್ಲಿ ಅದ್ದಿ, ಒಂದು ಬಿಳಿ ಪ್ಲಾಸ್ಟಿಕ್ ತುಂಡಿನ ಮೇಲೆ ಕೆಲವು ಹನಿ ಬಿಟ್ಟರೆ ಅದರ ಪುಟ್ಟ ಕಿಟಕಿಯಲ್ಲಿ ಗೆರೆ ಮೂಡುತ್ತದಲ್ಲ, ಕೊರೊನಾ ಕಾಲದಲ್ಲಿ ಊರಿಗೆ ಊರೇ ಉಸಿರು ಬಿಗಿಹಿಡಿದು ನೋಡಿದ್ದು, ಅದೇ ಗೆರೆ. ಒಂದು ಬಂದರೆ ಬಚಾವು. ಎರಡು ಬಂದರೆ ಸೋಂಕು. ಈಗ ಇದನ್ನು ಫೋನೇ ಫೋಟೋ ತೆಗೆದು ಓದಿ ಹೇಳುತ್ತದೆ. ಆದರೆ ಯಂತ್ರಕ್ಕೂ ಒಮ್ಮೊಮ್ಮೆ ಅನುಮಾನ ಕಾಡುತ್ತದೆ. ಗೆರೆ ಮಸುಕಾಗಿದ್ದರೆ, ಬೆಳಕು ಸರಿಯಿಲ್ಲದಿದ್ದರೆ ಅದು ಆ ಕಿಟಕಿಯಷ್ಟನ್ನೇ ಕತ್ತರಿಸಿ, ಹೆಸರಿಲ್ಲ, ಊರಿಲ್ಲ, ಗೋತ್ರವಿಲ್ಲ ಎಂಬಂತೆ ಮಾಡಿ ನಮ್ಮಂಥವರ ಮುಂದೆ ಇಡುತ್ತದೆ. ನಾವು ನೋಡಿ 'ಹೌದು' ಅಥವಾ 'ಅಲ್ಲ' ಒತ್ತಬೇಕು. ಸಾಕ್ಷಾತ್ ಯಂತ್ರವೇ ಕೈಕಟ್ಟಿ ನಿಂತು 'ತಾಯೀ, ತಾವೇ ತೀರ್ಪು ಕೊಡಬೇಕು' ಎನ್ನುವಾಗ ನೈಟಿಯ ಮೇಲೆ ಟವೆಲ್ ಹಾಕಿಕೊಂಡು ಕುಳಿತ ನನಗೂ ಒಂದು ನ್ಯಾಯಪೀಠದ ಗತ್ತು ಬರುತ್ತಿತ್ತು. ಸುಳ್ಳೇಕೆ ಹೇಳಲಿ.

ತರಬೇತಿಯಲ್ಲಿ ನಮ್ಮ ತಂಡದ ಮೇಲಿನವಳಾದ ಮಾಲವಿಕಾ ಒಂದೇ ಒಂದು ಮಂತ್ರ ಕಲಿಸಿದ್ದಳು. "ಎಷ್ಟೇ ಮಸುಕಾಗಿರಲಿ, ಗೆರೆ ಅಂದ್ರೆ ಗೆರೆ." ಆ ಮಂತ್ರವನ್ನು ನಾನು ಕುಕ್ಕರಿನ ಸೀಟಿಯ ನಡುವೆಯೂ ಮರೆತವಳಲ್ಲ.

ಈ ಮಂತ್ರ ನಮ್ಮ ಮನೆಗೇ ಬೇಕಾದ ದಿನ ಬಂತು. ನನ್ನ ಮೈದುನ ಸಿದ್ದೇಶ್‌ನ ಹೆಂಡತಿ ಅಕ್ಷತಾ ಜಯಲಕ್ಷ್ಮಿಪುರಂನ ತವರಿನಲ್ಲಿ ಬಾಣಂತಿ. ಮಗು ದಿನ ತುಂಬುವ ಮೊದಲೇ ಹುಟ್ಟಿ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದು, ಈಗ ಮನೆಗೆ ಬಂದು ಮೈ ತುಂಬಿಕೊಳ್ಳುತ್ತಿದೆ. ನಮ್ಮ ಅತ್ತೆ ಶಾಂತಾದೇವಿಯವರು ಮೊಮ್ಮಗನನ್ನು ಗಾಜಿನಾಚೆಯಿಂದ ನೋಡಿದ್ದಾರೆ, ಫೋನಿನಲ್ಲಿ ನೋಡಿದ್ದಾರೆ, ಆದರೆ ಇನ್ನೂ ಎತ್ತಿಕೊಂಡಿಲ್ಲ. ಭಾನುವಾರ ತೊಟ್ಟಿಲು ಶಾಸ್ತ್ರ. ನಮ್ಮ ಮನೆತನದಲ್ಲಿ ಮಗುವನ್ನು ಮೊದಲು ತೊಟ್ಟಿಲಿಗೆ ಹಾಕುವುದು ಅಪ್ಪನ ತಾಯಿ. ಅತ್ತೆ ಅದಕ್ಕೆಂದೇ ತಮ್ಮ ಮೆತ್ತನೆಯ ಹಳೇ ಸೀರೆಗಳನ್ನು ಹರಿದು, ಮಡಿಸಿ, ಹೊಲಿದು ಒಂದು ಪುಟ್ಟ ಕೌದಿ ಮಾಡಿಟ್ಟಿದ್ದರು. ಅದನ್ನು ಒಗೆದು, ಬಿಸಿಲಿಗೆ ಹಾಕಿ, ಮತ್ತೆ ಒಗೆದು, ಮತ್ತೆ ಬಿಸಿಲಿಗೆ ಹಾಕಿ, ಮಗು ಮಲಗುವ ಮೊದಲೇ ಕೌದಿಯ ನಿದ್ದೆ ಕೆಡಿಸಿದ್ದರು.

ವೈದ್ಯರು ಮಾತ್ರ ಒಂದು ಷರತ್ತು ಹಾಕಿದ್ದರು. ಮಗುವನ್ನು ಮುಟ್ಟುವವರಲ್ಲಿ ನೆಗಡಿ, ಕೆಮ್ಮಿನ ಸುಳಿವು ಕಂಡರೆ ಟೆಸ್ಟ್ ಮಾಡಿಸಿಕೊಂಡೇ ಬರಬೇಕು.

ಶುಕ್ರವಾರ ಸಂಜೆ ಅತ್ತೆ ಸೀನಿದರು.

"ಒಗ್ಗರಣೆ ಘಾಟು ಕಣೆ," ಎಂದರು ಕೂಡಲೇ.

ಒಲೆಯ ಮೇಲೆ ಇದ್ದದ್ದು ಶಾವಿಗೆ ಪಾಯಸ.

ನಾವಿಬ್ಬರೂ ಸ್ವಲ್ಪ ಹೊತ್ತು ಪಾಯಸವನ್ನೇ ನೋಡಿದೆವು. ಆಮೇಲೆ ಅತ್ತೆ ನಿಟ್ಟುಸಿರುಬಿಟ್ಟು, "ನಮ್ಮ ಕಾಲದಲ್ಲಿ ಮಗೂನ ಎತ್ಕೋಳೋಕೆ ಕೈ ತೊಳ್ಕೊಂಡ್ರೆ ಸಾಕಿತ್ತು. ಈಗ ಪರೀಕ್ಷೆ ಪಾಸಾಗ್ಬೇಕು," ಎಂದರು.

ನನಗೆ ದಿವ್ಯವಾದ ಉಪಾಯವೊಂದು ಹೊಳೆದದ್ದು ಆಗ. "ಅತ್ತೆ, ಎಲ್ಲಿಗೂ ಹೋಗೋದು ಬೇಡ. ನಮ್ಮ ಕಂಪನಿ ಕಿಟ್ಟೇ ಮನೇಲಿದೆ. ಬೇರೆಯವರದ್ದರ ಹಾಗಲ್ಲ ಇದು. ಮೊದಲು ಯಂತ್ರ ಓದುತ್ತೆ. ಅದಕ್ಕೆ ಅನುಮಾನ ಬಂದ್ರೆ ಮನುಷ್ಯರು ನೋಡ್ತಾರೆ. ತರಬೇತಿ ಆದೋರು."

"ಯಾರು ನೋಡೋದು?"

"ನನ್ನಂಥೋರು."

ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. "ಆಗ್ಲಿ ಬುಡು. ಶಿವ ಇದಾನೆ."

ಮರುದಿನ ಬೆಳಿಗ್ಗೆ ನನ್ನ ಯಜಮಾನರಿಗೆ ಎಲ್ಲ ಹೇಳಿಕೊಟ್ಟು, ಕಿಟ್ ಅವರ ಕೈಗಿತ್ತು, ನಾನು ಅಡುಗೆಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸಕ್ಕೆ ಕೂತೆ. (ಅವರ ಹೆಸರು ಮೃತ್ಯುಂಜಯ. ಮೃತ್ಯುವನ್ನು ಗೆದ್ದಾರು, ಅವರಮ್ಮನ ಮೂಗಿಗೆ ಹತ್ತಿಕಡ್ಡಿ ಹಾಕುವುದನ್ನು ಮಾತ್ರ ನನ್ನಿಂದ ಮೂರು ಸಲ ಹೇಳಿಸಿಕೊಂಡರು.) ಆ ಹೊತ್ತಿಗೆ ನನ್ನ ಬಲಗಡೆ ಹಾಲು ಕಾಯುತ್ತಿತ್ತು, ಎಡಗಡೆ ಸಮನ್ವಿತಾ ಒಂದು ಜಡೆ ಹಾಕಿಸಿಕೊಂಡು ಇನ್ನೊಂದಕ್ಕೆ ಕಾಯುತ್ತಿದ್ದಳು, ನಡುವೆ ಗೆರೆಗಳು ಬರುತ್ತಿದ್ದವು. ಒಂದನ್ನು ನೋಡಿ ನಿಜಕ್ಕೂ ಸಂಕಟವಾಯಿತು. ಎರಡನೇ ಗೆರೆ ಮಸುಕು, ಸ್ವಲ್ಪ ಓರೆ, ತುದಿಯಲ್ಲಿ ಒಂದು ಬಾಲವೂ ಇತ್ತು. ಆದರೆ ಗೆರೆ ಅಂದ್ರೆ ಗೆರೆ. 'ಪಾಪ, ಯಾರ ಮನೆಯದೋ, ವಾರದ ಕೊನೆಯಲ್ಲಿ ಏನೇನು ಅಂದುಕೊಂಡಿದ್ದರೋ' ಎಂದು ಮನಸ್ಸಿನಲ್ಲೇ ಮರುಗಿ, 'ಹೌದು' ಒತ್ತಿ, ಹಾಲು ಇಳಿಸಿ, ಇನ್ನೊಂದು ಜಡೆ ಹಾಕಿದೆ.

ಯಜಮಾನರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಾಗ ಮುಖದಲ್ಲಿ ರಕ್ತವಿರಲಿಲ್ಲ.

"ಶಿಲ್ಪಾ. ಎರಡು."

"ಯಂತ್ರ ಹೇಳಿದ್ದಾ?"

"ಯಂತ್ರಕ್ಕೆ ಅನುಮಾನ ಬಂದು ಮನುಷ್ಯರಿಗೆ ಕಳಿಸ್ತಂತೆ. ಅವರೂ ಹೌದು ಅಂದ್ರಂತೆ. ಇಲ್ಲಿ ಟಿಕ್ ಬಂದಿದೆ ನೋಡು."

ನನಗೆ ದುಃಖವಾಯಿತು. ಅದರ ಹಿಂದೆಯೇ, ಹೇಳಬಾರದು, ಸ್ವಲ್ಪ ಹೆಮ್ಮೆಯೂ ಆಯಿತು. ನಮ್ಮ ವ್ಯವಸ್ಥೆ ಎಷ್ಟು ಬೇಗ, ಎಷ್ಟು ಚೊಕ್ಕಟವಾಗಿ ಕೆಲಸ ಮಾಡಿದೆ. "ಹಾಗಾದ್ರೆ ಮುಗೀತು ರೀ," ಎಂದೆ. "ಯಂತ್ರ, ಮನುಷ್ಯ ಇಬ್ಬರೂ ಒಪ್ಪಿದ ಮೇಲೆ ಬ್ರಹ್ಮನೂ ತಿದ್ದೋ ಹಾಗಿಲ್ಲ."

ಅತ್ತೆಯನ್ನು ಕೋಣೆಯಲ್ಲಿ ಕೂರಿಸಿದೆವು. ಮಾವನವರು ತಮ್ಮ ದಿಂಬು, ಕನ್ನಡಕ, ದಿನಪತ್ರಿಕೆ ಎತ್ತಿಕೊಂಡು ನಡುಮನೆಯ ದಿವಾನಕ್ಕೆ ಬಂದರು. ಆ ವೇಗ ನೋಡಿದರೆ ಈ ಅವಕಾಶಕ್ಕೆ ಎಷ್ಟೋ ಕಾಲದಿಂದ ಕಾದಿದ್ದರು ಅನ್ನಿಸಿತು. "ವೈದ್ಯರ ಮಾತು ಮೀರಬಾರದು," ಎಂದರು, ಯಾರೂ ಕೇಳದಿದ್ದರೂ.

ಅತ್ತೆ ಜಗಳವಾಡಿದ್ದರೆ ಚೆನ್ನಾಗಿತ್ತು. ಅವರು ಕೌದಿಯನ್ನು ಮಡಿಸಿ, ಒಂದು ಚೀಲದಲ್ಲಿಟ್ಟು, ಬಾಗಿಲ ಸಂದಿಯಿಂದ ಹೊರಗಿಟ್ಟರು. "ನಾಳೆ ನೀನೇ ತಗೊಂಡೋಗು. ನನ್ನ ಕೈ ತಾಕಿದೆ, ಬಿಸಿನೀರಲ್ಲಿ ಇನ್ನೊಂದ್ಸಲ ಒಗೆದ್ಬುಡು," ಎಂದು ಬಾಗಿಲು ಹಾಕಿಕೊಂಡರು. ನಾನು ಆ ಚೀಲ ಎತ್ತಿಕೊಂಡೆ. ಮಗುವಿಗೆ ಏನೂ ಆಗಬಾರದು, ಅದು ಸರಿ. ಆದರೂ ಆ ಚೀಲ ಕೌದಿಗಿಂತ ಭಾರವಾಗಿತ್ತು.

ಬೆಂಕಿಗೆ ತುಪ್ಪ ಹಾಕಿದ್ದು ಅಕ್ಷತಾಳ ತಾಯಿ. ವಿಷಯ ತಿಳಿದು ಫೋನ್ ಮಾಡಿದರು. ಅತ್ತೆ ಸ್ಪೀಕರಿಗೆ ಹಾಕಿದ್ದರಿಂದ ನಮಗೆಲ್ಲ ಕೇಳಿಸಿತು.

"ಅಯ್ಯೋ ಶಾಂತಕ್ಕ, ಹಿಂಗಾಯ್ತಲ್ಲ. ನೀವೇನೂ ಯೋಚನೆ ಮಾಡ್ಬೇಡಿ. ರೆಸ್ಟ್ ತಗೊಳ್ಳಿ. ಮಗೂನ ತೊಟ್ಟಿಲಿಗೆ ನಾನೇ ಹಾಕ್ತೀನಿ ಬುಡಿ. ಯಾವ ಅಜ್ಜಿ ಹಾಕಿದ್ರೇನು?"

'ಯಾವ ಅಜ್ಜಿ ಹಾಕಿದ್ರೇನು' ಎಂಬ ಮಾತು ಜಯಲಕ್ಷ್ಮಿಪುರಂನಿಂದ ಹೊರಟು ಅಗ್ರಹಾರದಲ್ಲಿ ಸಿಡಿಯಿತು. ಅಲ್ಲಿಯವರೆಗೆ ವಿಧಿಯನ್ನು ಬೈದುಕೊಳ್ಳುತ್ತಿದ್ದ ಅತ್ತೆ ಈಗ ಒಬ್ಬ ಅಪರಾಧಿಯನ್ನು ಹುಡುಕತೊಡಗಿದರು. ಯಂತ್ರವನ್ನು ಬೈಯುವಂತಿಲ್ಲ, ಅದಕ್ಕೆ ಮಾನ ಮರ್ಯಾದೆ ಇಲ್ಲ. ಸಿಕ್ಕಿದ್ದು ಆ ಕಾಣದ ಮನುಷ್ಯೆ, 'ಹೌದು' ಅಂದವಳು. ಅದು ಹೆಂಗಸೇ ಎಂದು ಅತ್ತೆ ಮೊದಲೇ ತೀರ್ಮಾನಿಸಿದ್ದರು. ತಂಗಿಗೆ ಫೋನ್ ಮಾಡಿ ಹೇಳುತ್ತಿದ್ದರು.

"ಯಂತ್ರಕ್ಕೇ ಅನುಮಾನ ಇತ್ತಂತೆ ಕಣೆ. ಇವಳ್ಯಾರೋ ನೋಡಿ ಹೌದು ಅಂದ್ಬುಟ್ಳಂತೆ. ನೆಟ್ಟಗೆ ನೋಡಿರ್ತಾಳಾ ಅವಳು? ಒಲೆ ಮೇಲೆ ಹಾಲಿಟ್ಕೊಂಡಿರ್ತಾಳೆ. ಒಂದು ಕಣ್ಣು ಅಲ್ಲಿ, ಒಂದು ಕಣ್ಣು ಇಲ್ಲಿ."

ನನಗೆ ಸಹಿಸಲಾಗಲಿಲ್ಲ. ನಮ್ಮ ವೃತ್ತಿಬಾಂಧವರೆಲ್ಲರ ಪರವಾಗಿ ಬಾಗಿಲ ಬಳಿ ಹೋಗಿ ನಿಂತೆ. "ಹಾಗೆಲ್ಲ ಅನ್ನಬೇಡಿ ಅತ್ತೆ. ಅವರದ್ದೂ ಜವಾಬ್ದಾರಿ ಕೆಲಸ. ಕಣ್ಣಿಗೆ ಎಣ್ಣೆ ಬಿಟ್ಕೊಂಡು ನೋಡ್ತಾರೆ."

"ಎಣ್ಣೆ ಜಾಸ್ತಿಯಾಗಿ ಮಂಜಾಗಿರ್ಬೇಕು."

"ಅವರಿಗೇನು ನಿಮ್ಮ ಮೇಲೆ ದ್ವೇಷವಾ?"

"ದ್ವೇಷ ಇದ್ದಿದ್ರೆ ಗಮನ ಇಟ್ಟು ನೋಡಿರೋಳು. ಇವಳಿಗೆ ಅದೂ ಇಲ್ಲ. ಅವಳ ಅತ್ತೆ ಎಂಗೆ ತಡ್ಕೊಂಡಿದಾರೋ, ಪಾಪ."

ಸಮನ್ವಿತಾ ಒಂದು ಗೆರೆ, ಎರಡು ಗೆರೆಯ ಪ್ರಶ್ನೆ ಕೇಳಿದ್ದು ಈ ಘಟ್ಟದಲ್ಲಿ. ನಾನು ಅವಳನ್ನು ಪಕ್ಕಕ್ಕೆ ಸರಿಸಿ, ಊಟದ ತಟ್ಟೆಯನ್ನು ಬಾಗಿಲ ಮುಂದಿನ ಸ್ಟೂಲಿನ ಮೇಲಿಟ್ಟೆ. ಒಳಗಿನಿಂದ ಅತ್ತೆಯ ದನಿ ಬಂತು. ಈಗ ಬೈಗುಳವಿರಲಿಲ್ಲ, ದನಿ ಸೋತಿತ್ತು.

"ನಾನೇನು ಕಮ್ಮಿ ಮಾಡಿದ್ದೆ ಹೇಳು ಶಿಲ್ಪಾ. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಪೂಜೆ ಮಾಡಿ, ಆ ಟೆಸ್ಟಿನ ಪ್ಲಾಸ್ಟಿಕ್ಕನ್ನೂ ಮೃತ್ಯುಂಜಯನ ಕೈಯಿಂದ ಇಸ್ಕೊಂಡು, ವಿಭೂತಿ ಹಚ್ಚಿ, ಕುಂಕುಮ ಇಟ್ಟೇ ವಾಪಸ್ ಕೊಟ್ಟಿದ್ದು. ಆದ್ರೂ ಕೈಬುಟ್ನಲ್ಲ ಶಿವ."

ನಾನು ಸಾರಿನ ಲೋಟವನ್ನು ಸ್ಟೂಲಿನ ಮೇಲಿಟ್ಟು ಬಾಗಿಲಿಗೆ ಇನ್ನಷ್ಟು ಹತ್ತಿರವಾದೆ.

"ಎಲ್ಲಿಗೆ ಇಟ್ರಿ ಅತ್ತೆ, ಕುಂಕುಮ?"

"ಎಲ್ಲಿಗೆ ಅಂದ್ರೆ? ಮಧ್ಯಕ್ಕೆ. ಪುಟ್ಟ ಕಿಟಕಿ ಇತ್ತಲ್ಲ, ಗರ್ಭಗುಡಿ ಇದ್ದಂಗೆ. ಅಲ್ಲಿಗೆ."

ನಮ್ಮ ಮನೆಯ ಪದ್ಧತಿ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಹೊಸ ವಸ್ತು ಏನೇ ಹೊಸ್ತಿಲು ದಾಟಿ ಬರಲಿ, ಅತ್ತೆಯ ಉಂಗುರದ ಬೆರಳಿನಿಂದ ಕುಂಕುಮ ಬೀಳದೆ ಅದು ಕೆಲಸ ಶುರುಮಾಡುವಂತಿಲ್ಲ. ಮಿಕ್ಸಿಗೆ ಕುಂಕುಮ. ಗ್ಯಾಸ್ ಸಿಲಿಂಡರಿಗೆ ಪ್ರತಿ ಸಲವೂ ಕುಂಕುಮ. ವೈಫೈ ಡಬ್ಬಿಗೆ ಕುಂಕುಮ ಇಟ್ಟದ್ದು ದೀಪ ಮಿನುಗುವ ತೂತಿಗೇ ಹೋಗಿ, ಕಂಪನಿಯ ಹುಡುಗ ಬಂದು ಅದನ್ನು ಒರೆಸಿ, ಕೈಮುಗಿದು ಹೋಗಿದ್ದ. ಸಮನ್ವಿತಾಳ ಸ್ಕೂಲ್ ಬ್ಯಾಗು, ಯಜಮಾನರ ಸ್ಕೂಟರು, ನನ್ನ ಲ್ಯಾಪ್‌ಟಾಪು ಎಲ್ಲವೂ ಮುತ್ತೈದೆಯರೇ.

ನಡುಮನೆಗೆ ಓಡಿ ಯಜಮಾನರ ಫೋನ್ ಕಸಿದುಕೊಂಡೆ. ಅವರು ತೆಗೆದ ಇಡೀ ಫೋಟೋ ಅಲ್ಲಿತ್ತು. ನೋಡಿದರೆ ಆ ಬಿಳಿ ಪ್ಲಾಸ್ಟಿಕ್ ತುಂಡು ಸಾಲಂಕೃತವಾಗಿ ಪವಡಿಸಿತ್ತು. ಮೇಲ್ಭಾಗದಲ್ಲಿ ಮೂರು ಬೆರಳಿನ ವಿಭೂತಿ. ಕಿಟಕಿಯ ಅಂಚಿನಲ್ಲಿ ಕುಂಕುಮ. ಹನಿ ಬಿದ್ದಾಗ ಆ ಕುಂಕುಮ ಕರಗಿ, ಸರಿಯಾಗಿ ಎರಡನೇ ಗೆರೆ ಬರಬೇಕಾದ ಜಾಗಕ್ಕೇ ಹರಿದು ಕೂತಿತ್ತು. ಪಕ್ಕದಲ್ಲಿ ಒಂದು ಗರಿಕೆ ಇಟ್ಟಿದ್ದರೆ ಮಂಗಳಾರತಿ ಎತ್ತಬಹುದಿತ್ತು.

"ರೀ, ಇದು ನಿಮಗೆ ಕಾಣಿಸಲಿಲ್ವಾ?"

"ಕಾಣಿಸ್ತು."

"ಮತ್ತೆ ಯಾಕೆ ಹೇಳಲಿಲ್ಲ?"

"ಏನಂತ ಹೇಳ್ಲಿ? ನಮ್ಮನೇಲಿ ಕುಂಕುಮ ಇಲ್ಲದ ವಸ್ತು ಕಂಡಿದ್ರೆ ಹೇಳ್ತಿದ್ದೆ," ಎಂದರು. ಅವರ ವಾದದಲ್ಲಿ ಹುರುಳಿತ್ತು.

'ಆ ಮಹಾತಾಯಿಗಾದರೂ ಗೊತ್ತಾಗಬೇಡವಾ, ಕುಂಕುಮ ಯಾವುದು ಗೆರೆ ಯಾವುದು' ಎಂದು ಗೊಣಗುತ್ತಾ ಫೋಟೋವನ್ನು ಬೆರಳಿನಿಂದ ಹಿಗ್ಗಿಸಿದೆ. ಕಿಟಕಿ ದೊಡ್ಡದಾಯಿತು. ಎರಡನೇ ಗೆರೆ ದೊಡ್ಡದಾಯಿತು. ಮಸುಕು. ಸ್ವಲ್ಪ ಓರೆ. ತುದಿಯಲ್ಲಿ ಒಂದು ಬಾಲ.

ಆ ಬಾಲ ನನಗೆ ಗೊತ್ತಿತ್ತು. ಬೆಳಿಗ್ಗೆ ಅದಕ್ಕಾಗಿ ಮರುಗಿದ್ದೆ.

ದಿವಾನದ ಮೇಲೆ ಮಾವನವರ ಪಕ್ಕದಲ್ಲೇ ಕುಸಿದು ಕೂತೆ. ಅವರು ಪತ್ರಿಕೆ ಸರಿಸಿ ನನ್ನ ಮುಖ ನೋಡಿ, ಪತ್ರಿಕೆಯನ್ನು ಮತ್ತೆ ಏರಿಸಿಕೊಂಡರು. ಯಂತ್ರಕ್ಕೆ ಕುಂಕುಮ ಗೊತ್ತಿಲ್ಲದಿರುವುದು ತಪ್ಪಲ್ಲ, ಅದಕ್ಕೆ ಹಣೆಯಿಲ್ಲ. ಅದು ಪಾಪ ನಮ್ರವಾಗಿ 'ನನಗೆ ತಿಳಿಯದು, ಕುಂಕುಮ ಇಡುವ ಜನರನ್ನೇ ಕೇಳುತ್ತೇನೆ' ಅಂತ ನನ್ನ ಬಳಿ ಕಳಿಸಿತ್ತು. ನಾನು ಹಣೆಯಲ್ಲಿ ಅದೇ ಬಟ್ಟಲಿನ ಕುಂಕುಮ ಇಟ್ಟುಕೊಂಡು, ಅದನ್ನು ನೋಡಿ 'ಸೋಂಕು' ಅಂದಿದ್ದೆ.

ಬಾಗಿಲ ಬಳಿ ವಾಪಸ್ಸು ಹೋಗದೆ ವಿಧಿಯಿರಲಿಲ್ಲ.

"ಏನವ್ವ, ಸಾರು ಅಲ್ಲೇ ಬುಟ್ಟು ಎಲ್ಲಿಗೆ ಓಡಿದೆ?" ಒಳಗಿನಿಂದ ಅತ್ತೆ ಕೇಳಿದರು.

"ಅತ್ತೆ, ಆ ಎರಡನೇ ಗೆರೆ ನಿಮ್ಮ ಕುಂಕುಮ. ಅದನ್ನ ನೋಡಿ ಹೌದು ಅಂದೋರು ಯಾರು ಅಂತಲೂ ಗೊತ್ತಾಯ್ತು."

"ಯಾರವಳು?"

"ಮೈಸೂರಿನೋಳೇ."

"ಮೈಸೂರಲ್ಲಿ ಎಲ್ಲಿ?"

"ಅಗ್ರಹಾರದ ಕಡೆ."

ಒಳಗೆ ಮಂಚ ಕಿರ್ರೆಂದಿತು. ಹೆಜ್ಜೆ ಬಾಗಿಲವರೆಗೆ ಬಂತು. ಬಾಗಿಲು ತೆರೆಯಲಿಲ್ಲ. ಅದರ ಹಿಂದಿನಿಂದ ತಣ್ಣನೆಯ ದನಿಯೊಂದು ಕೇಳಿತು.

"ಒಲೆ ಮೇಲೆ ಹಾಲಿತ್ತಾ?"

"ಇತ್ತು ಅತ್ತೆ."

"ಉಕ್ತಾ?"

"ಇಲ್ಲ. ಹಾಲು ಸರಿಯಾಗಿ ನೋಡ್ಕೊಂಡೆ."

ಆ ಕಡೆ ಏನೋ ಸದ್ದಾಯಿತು. ಅಳುತ್ತಿದ್ದಾರೆಂದು ಹೆದರಿ ಕಿವಿ ಇಟ್ಟೆ. ಅತ್ತೆ ನಗುತ್ತಿದ್ದರು. ಬಾಯಿಗೆ ಸೆರಗು ಒತ್ತಿಕೊಂಡು ನಗುವಾಗ ಬರುವ ಸದ್ದು ಅದು. ನನ್ನ ಕಣ್ಣಲ್ಲಿ ಮಾತ್ರ ನೀರಿತ್ತು, ಬಿಕ್ಕಿದ್ದು ಒಳಗೂ ಕೇಳಿಸಿತು.

"ಅಳ್ಬೇಡ. ಕುಂಕುಮ ಇಟ್ಟೋಳು ನಾನು, ಗೆರೆ ಅಂದೋಳು ನೀನು. ಅತ್ತೆ ಸೊಸೆ ಇಬ್ಬರೂ ಸೇರಿ ಮಾಡಿರೋ ಕೆಲಸ ಇದು. ಈಗ ಅಳಿಸು ಅದನ್ನ. ನಾಳೆ ನಾನು ಜಯಲಕ್ಷ್ಮಿಪುರಂಗೆ ಹೋಗ್ಬೇಕು."

"ಅಳಿಸೋಕೆ ಬರಲ್ಲ ಅತ್ತೆ. ಕುಂಕುಮ ಇತ್ತು ಅಂದ ಮಾತ್ರಕ್ಕೆ ಸೋಂಕು ಇಲ್ಲ ಅಂತಾಗಲ್ಲ. ಸೀನಿದ್ದು ನಿಜ ತಾನೆ? ಮತ್ತೆ ಟೆಸ್ಟ್ ಮಾಡಬೇಕು. ಆಗಲೂ ಎರಡು ಬಂದ್ರೆ..."

"ಬಂದ್ರೆ ಹೋಗಲ್ಲ," ಎಂದರು ಅತ್ತೆ, ಈಗ ನಗದೆ. "ಆ ಕೂಸು ಗಾಜಿನ ಪೆಟ್ಟಿಗೆಯಿಂದ ಎದ್ದು ಬಂದಿರೋದು. ಅದಕ್ಕಿಂತ ನನ್ನ ಶಾಸ್ತ್ರ ದೊಡ್ಡದಾ?"

ಮಾಲವಿಕಾಳಿಗೆ ಫೋನ್ ಮಾಡಿದೆ. "ಬೆಳಿಗ್ಗೆ ನಾನು ಹೌದು ಅಂದ ಒಂದು ಗೆರೆ ತಪ್ಪು. ವಾಪಸ್ ತಗೋಬೇಕು."

"ಯಾವುದು ಅಂತ ನಿಮಗೆ ಹೇಗೆ ಗೊತ್ತಾಯ್ತು? ಹೆಸರೇ ಇರಲ್ವಲ್ಲ."

"ಅದು ನಮ್ಮ ಅತ್ತೆ."

ಮಾಲವಿಕಾ ಶಿಸ್ತಿನ ಹುಡುಗಿ. ನಗು ಬಂದರೆ ಫೋನನ್ನು ಮ್ಯೂಟ್ ಮಾಡುತ್ತಾಳೆ. ಆ ದಿನ ಫೋನು ಬಹಳ ಹೊತ್ತು ಮ್ಯೂಟಿನಲ್ಲಿತ್ತು. ಆಮೇಲೆ ಗಂಟಲು ಸರಿಮಾಡಿಕೊಂಡು, "ಮತ್ತೆ ಟೆಸ್ಟ್ ಮಾಡಿ ಕಳಿಸಿ. ಯಂತ್ರ ಏನೇ ಹೇಳಲಿ, ಇಡೀ ಫೋಟೋ ನಾನೇ ನೋಡ್ತೀನಿ. ನೀವು ನೋಡೋ ಹಾಗಿಲ್ಲ. ಮನೆಯವರದ್ದು ಅಂತ ಗೊತ್ತಾದ ಮೇಲೆ ಕಣ್ಣು ಬೇರೆ ಥರ ನೋಡುತ್ತೆ," ಎಂದಳು.

ಎರಡನೇ ಟೆಸ್ಟಿಗೆ ಮಾಸ್ಕ್ ಹಾಕಿಕೊಂಡು ನಾನೇ ಒಳಗೆ ಹೋದೆ. ಹೊಸ ಕಿಟ್ ಬಿಚ್ಚಿದ್ದೇ ತಡ, ಅತ್ತೆಯ ಬಲಗೈ ತಾನಾಗಿಯೇ ಕುಂಕುಮದ ಬಟ್ಟಲಿನ ಕಡೆ ಹೊರಟಿತು.

"ಅತ್ತೆ."

"ಬರೀ ಮೈಯಲ್ಲಿ ಎಂಗವ್ವಾ ಶುರು ಮಾಡೋದು? ಮನಸ್ಸು ಒಪ್ಪಲ್ಲ."

ಕೊನೆಗೆ ರಾಜಿಯಾಯಿತು. ಕಿಟ್ ಬಂದಿದ್ದ ರಟ್ಟಿನ ಡಬ್ಬಿಗೆ ಕುಂಕುಮ, ಬಾಗಿಲಲ್ಲಿ ಇಣುಕುತ್ತಿದ್ದ ಯಜಮಾನರ ಹಣೆಗೆ ವಿಭೂತಿ. ಪ್ಲಾಸ್ಟಿಕ್ಕಿಗೆ ಏನೂ ಇಲ್ಲ.

ಹನಿ ಬಿಟ್ಟೆವು. ಕಾದೆವು. ಯಂತ್ರ ಒಂದು ಗೆರೆ ಎಂದಿತು. ಆದರೆ ಮಾಲವಿಕಾಳ ಟಿಕ್ ಬರಬೇಕಿತ್ತು. ನಾನು ಫೋನು ಹಿಡಿದು ನಡುಮನೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ನಡುಮನೆಗೆ ಓಡಾಡಿದೆ. ಯಾಕೆ ಇಷ್ಟು ಹೊತ್ತು? ಊಟಕ್ಕೆ ಹೋದಳೇ? ಅವಳ ಮನೆಯಲ್ಲೂ ಜಡೆ ಹಾಕಿಸಿಕೊಳ್ಳುವ ಮಗು ಇದೆಯೇ? ಒಲೆಯ ಮೇಲೆ ಏನಿದೆ? ಈ ಕಡೆ ಕೂತು ಕಾಯುವುದು ಹೇಗಿರುತ್ತದೆಂದು ಆ ಕಡೆ ಕೂತವಳಿಗೆ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ. ಅತ್ತೆ ಮಾತ್ರ ಮಂಚದ ಮೇಲೆ ಕೂತು, ಕಿಟಕಿಯಾಚೆ ನೋಡುತ್ತಾ, ತುಟಿ ಮಾತ್ರ ಅಲ್ಲಾಡಿಸುತ್ತಿದ್ದರು.

ಟಿಕ್ ಬಂತು. ಒಂದೇ ಗೆರೆ.

ಅತ್ತೆ ಎದ್ದು ಬಂದು, ನಾನು ಒಗೆಯದೆ ಹಾಗೇ ಇಟ್ಟಿದ್ದ ಚೀಲದಿಂದ ಕೌದಿ ತೆಗೆದು, ಎದೆಗೆ ಒತ್ತಿಕೊಂಡು, "ಒಗೆಯೋಕೆ ಹೇಳಿದ್ನಲ್ಲ, ಮರೆತ್ಬುಟ್ಯಾ?" ಎಂದು ಬೈದರು. ಅಷ್ಟು ಹಿತವಾದ ಬೈಗುಳವನ್ನು ನಾನು ಈಚೆಗೆ ಕೇಳಿರಲಿಲ್ಲ. ಮಾವನವರು ನಿಟ್ಟುಸಿರುಬಿಟ್ಟು ದಿಂಬು ಎತ್ತಿಕೊಂಡು ಕೋಣೆಗೆ ಹಿಂದಿರುಗಿದರು.

ಸಿದ್ದೇಶ್ ವೈದ್ಯರನ್ನು ಕೇಳಿದ. ಮಾಸ್ಕ್ ಹಾಕಿಕೊಂಡು ಬರಬಹುದು ಎಂದರಂತೆ. ಭಾನುವಾರ ನಾವು ಜಯಲಕ್ಷ್ಮಿಪುರಂ ಮುಟ್ಟಿದಾಗ ಅಕ್ಷತಾಳ ತಾಯಿ ಹಸಿರು ರೇಷ್ಮೆ ಸೀರೆಯುಟ್ಟು ತೊಟ್ಟಿಲ ಪಕ್ಕದಲ್ಲಿ ಆಗಲೇ ಸ್ಥಾನ ಹಿಡಿದಿದ್ದರು. ಅತ್ತೆಯನ್ನು ಕಂಡು ಅವರ ಮುಖ ಒಂದು ಕ್ಷಣ ಯಂತ್ರದ ಹಾಗೆ ಅನುಮಾನಿಸಿತು. ಆಮೇಲೆ, "ಬನ್ನಿ ಶಾಂತಕ್ಕ, ನಿಮ್ಮನ್ನೇ ಕಾಯ್ತಿದ್ದೆ," ಎಂದು ಪಕ್ಕಕ್ಕೆ ಸರಿದರು. ಇಡೀ ಗಡಿಗೆ ಸಾರನ್ನು ಒಂದೇ ಕೈಯಲ್ಲಿ ಇಳಿಸುವ ಅತ್ತೆ ಮಗುವನ್ನು ತೀರ್ಥ ಹಿಡಿಯುವ ಹಾಗೆ ಎರಡೂ ಕೈ ಚಾಚಿ ತಗೊಂಡರು. ಮಗು ಆಕಳಿಸಿತು. "ಎಷ್ಟು ಹಗುರ ಇದಾನೆ," ಎಂದರು ಮಾಸ್ಕಿನೊಳಗಿಂದ, ಯಾರಿಗೂ ಅಲ್ಲದೆ. ಕೌದಿಯ ಮೇಲೆ ಅವನನ್ನು ಇಳಿಸಿ, ಕೈಗಳನ್ನು ಹಿಂದಕ್ಕೆ ತಗೊಳ್ಳಲು ಮರೆತು ಹಾಗೆಯೇ ಬಗ್ಗಿ ನಿಂತರು. ಯಾರೂ ಅವಸರ ಮಾಡಲಿಲ್ಲ. ಅಕ್ಷತಾಳ ತಾಯಿ ಕೂಡ ತೊಟ್ಟಿಲ ಹಗ್ಗ ಹಿಡಿದು ಕಾದರು.

ಇಲ್ಲಿಗೆ ಸುಖಾಂತವಾಗಬೇಕಿತ್ತು. ಊಟದ ಹೊತ್ತಿಗೆ ಅಕ್ಷತಾಳ ತಮ್ಮ ಮೋಹನ ಫೋನು ಹಿಡಿದು ಬಂದ. ಅದರಲ್ಲಿ ಎರಡು ಮುಖಗಳ ಫೋಟೋ ಹಾಕಿದರೆ ಎಷ್ಟು ಹೋಲಿಕೆ ಇದೆಯೆಂದು ಹೇಳುತ್ತದಂತೆ. ಮಗುವಿನ ಫೋಟೋ ಹಾಕಿದ. ಒಬ್ಬೊಬ್ಬರದ್ದೇ ಹಾಕುತ್ತಾ ಹೋದ. ಯಂತ್ರ ಕ್ಷಣ ಯೋಚಿಸಿ, ಮಗುವಿನ ಮುಖ, ಅದರಲ್ಲೂ ಮೂಗು, ಅಕ್ಷತಾಳ ತಾಯಿಯದೇ ಎಂದು ತೀರ್ಪು ಕೊಟ್ಟಿತು. ಪಂಕ್ತಿಯಲ್ಲಿ ಕೂತವರೆಲ್ಲ ಕತ್ತು ಚಾಚಿ ನೋಡಿದರು.

"ನಾನೇನೂ ಹೇಳಲ್ಲಪ್ಪ," ಎಂದರು ಅಕ್ಷತಾಳ ತಾಯಿ, ಮೂಗುತಿ ಸರಿಮಾಡಿಕೊಳ್ಳುತ್ತಾ. "ಯಂತ್ರವೇ ಹೇಳ್ತಿದೆ."

ಹೋಳಿಗೆ ಬಡಿಸುತ್ತಿದ್ದ ನನ್ನ ಮೊಣಕೈಯನ್ನು ಯಾರೋ ಹಿಡಿದೆಳೆದರು. ನೋಡಿದರೆ ಅತ್ತೆ. ಅಡುಗೆಮನೆಯ ಬಾಗಿಲ ಮರೆಗೆ ಕರೆದೊಯ್ದು, ಆ ಕಡೆ ಈ ಕಡೆ ನೋಡಿ, ದನಿ ಇಳಿಸಿದರು.

"ಶಿಲ್ಪಾ, ನಂಗೊಂದು ಉಪಕಾರ ಮಾಡವ್ವ. ಯಂತ್ರ ಹೇಳಿದ್ದನ್ನ ನೋಡಿ ಸರಿಯೋ ತಪ್ಪೋ ಅನ್ನೋದು ನಿನ್ನ ಕೆಲಸ ತಾನೆ?"

"ಹೌದು ಅತ್ತೆ."

"ಹೋಗಿ ತೊಟ್ಟಿಲ ಹತ್ರ ನಿಂತ್ಕೊಂಡು ಒಂದ್ಸಲ ನೋಡು. ಎಲ್ಲರಿಗೂ ಕೇಳೋ ಹಂಗೆ, ಮೂಗು ನಿಮ್ಮ ಮಾವಂದೇ ಅಂತ ಅಂದ್ಬುಡು."

"ನೋಡ್ದೆ ಅತ್ತೆ, ಆದರೆ ಮಾವನವರದ್ದು ಗಿಣಿಮೂಗು. ಮಗೂದು..."

ಅತ್ತೆ ನನ್ನ ಕೈಯಿಂದ ಹೋಳಿಗೆಯ ತಟ್ಟೆ ತಗೊಂಡು, ನನ್ನನ್ನು ತೊಟ್ಟಿಲ ಕಡೆಗೆ ಮೆಲ್ಲನೆ ತಳ್ಳಿದರು.

"ನಿನ್ನೆ ಇಲ್ಲದ ಗೆರೆ ಕಂಡೋಳಿಗೆ ಇವತ್ತೊಂದು ಮೂಗು ಕಾಣಲ್ವಾ?"